ಮಗಳಿಗೊಂದು ಪತ್ರ: ಚಿನ್ನಿ ತನ್ನ ಬಾಯಲ್ಲೇ ಹಾಡಲಿ

ವಿಜಯಪುರ
ಡಿಸೆಂಬರ್ ಕೊನೆಯ ವಾರ

ಪ್ರೀತಿಯ ಮಗಳಿಗೆ,

ನಿನ್ನ ಅವ್ವ ಮಾಡುವ ಆಶೀರ್ವಾದಗಳು. ನಾವಿಲ್ಲಿ ಆರಾಮ ಇದ್ದೇವೆ. ನಿಮ್ಮಪ್ಪನ ಮೊಣಕಾಲು ನೋವು ಚಳಿಗೆ ಸ್ವಲ್ಪ ಜಾಸ್ತಿ ಆಗಿದೆ. ಆದರೂ ಬೆಳಿಗ್ಗೆ ಗೋಳಗುಮ್ಮಟದ ಕಡೆ ವಾಕಿಂಗ್ ಹೋಗುವುದನ್ನು ಬಿಟ್ಟಿಲ್ಲ. ಅಳಿಯಂದಿರಿಗೂ ಮೊಮ್ಮಗಳು ಚಿನ್ನಿಗೂ ನಮ್ಮಿಬ್ಬರ ಆಶೀರ್ವಾದ ತಿಳಿಸು.

ನೀವಿರುವ ಸ್ವೀಡನ್ನಿನ ದೀಪದ ಹಬ್ಬ, ಆ ಲೂಸಿಯಾ ಹಬ್ಬಕ್ಕೆ ಚಿನ್ನಿಯ ಶಾಲೆಯಲ್ಲಿ ಮಾಡಿದ ಕಾರ್ಯಕ್ರಮದ ವಿಡಿಯೊ ಕಳಿಸಿದ್ದೆಯಲ್ಲ, ಅದನ್ನು ಓಣಿಯವರಿಗೆಲ್ಲ ತೋರಿಸಿದ್ದಾಯಿತು. ಹಾಲ್‌ನ ದೀಪ ಆರಿಸಿದ್ದಾರೆ. ಹಿಂದಿನ ಬಾಗಿಲಿನಿಂದ ಮಕ್ಕಳು ಹಾಡುತ್ತಾ ಸಾಲಾಗಿ ಬರುತ್ತಾರೆ. ಮುಂದೆ ತಲೆಯ ಮೇಲೆ ದೀಪದ ಕಿರೀಟ ಇಟ್ಟುಕೊಂಡ ಎತ್ತರದ ಹುಡುಗಿ, ಸೊಂಟಕ್ಕೆ ಕೆಂಪು ಪಟ್ಟಿ. ಅವಳ ಹಿಂದೆ ಕಾಲು ಮುಚ್ಚುವ ಬಿಳಿ ಅಂಗಿ ಹಾಕಿಕೊಂಡವರು, ಚೂಪು ಟೋಪಿಗೆ ಬಂಗಾರದ ನಕ್ಷತ್ರ ಅಂಟಿಸಿಕೊಂಡ ಹುಡುಗರು. ಅವರ ನಡುವೆ ನಮ್ಮ ಚಿನ್ನಿ. ಎರಡೂ ಕೈಯಲ್ಲಿ ಬ್ಯಾಟರಿ ಮೇಣದಬತ್ತಿ ಹಿಡಿದಿದ್ದಾಳೆ. ತಲೆಗೆ ಸುತ್ತಿದ ಮಿಂಚಿನ ಹಾರ ಜಾರಿ ಒಂದು ಕಣ್ಣು ಮುಚ್ಚಿಬಿಟ್ಟಿದೆ. ಅವಳು ಬತ್ತಿ ಬಿಡಲಿಲ್ಲ ನೋಡು. ಮೊಣಕೈ ಎತ್ತಿ ಹಾರವನ್ನು ಮೇಲೆ ನೂಕಿಕೊಂಡಳು. ಅಷ್ಟು ಹೊತ್ತೂ ಬಾಯಿ ಹಾಡುತ್ತಲೇ ಇತ್ತು. ಅಷ್ಟನ್ನೇ ನಾನು ಮತ್ತೆ ಮತ್ತೆ ನೋಡಿದೆ. ಆ ಭಾಷೆಯ ಒಂದು ಅಕ್ಷರವೂ ನನಗೆ ತಿಳಿಯುವುದಿಲ್ಲ. ಆದರೂ ಕಣ್ಣು ತುಂಬಿ ಬಂತು.

ವಿಡಿಯೊದ ಕೆಳಗೆ ನೀನು ಬರೆದದ್ದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. "ಅವ್ವ, ಅವರ ಹಾಡು ಇಷ್ಟು ಚಂದ ಹಾಡ್ತಾಳ. ರಾಜ್ಯೋತ್ಸವದಾಗ ನಮ್ಮ ಕನ್ನಡ ಕೂಟದ ಸ್ಟೇಜ್ ಮ್ಯಾಲ ಮಾತ್ರ ಸುಮ್ನ ನಿಂತುಬಿಟ್ಟಳು. ಇಕಿ ನಮ್ಮಾಕಿ ಆಗಿ ಉಳಿತಾಳೇನು?" ಅಂತ ಕೇಳಿದ್ದೆ. ಫೋನಿನಲ್ಲಿ ಇದಕ್ಕೆ ಉತ್ತರ ಹೇಳಲು ಹೋದರೆ ನೀನು ಅಳುತ್ತೀ, ನಿನ್ನ ಹಿಂದೆ ನಾನೂ ಅಳುತ್ತೇನೆ, ಹೇಳಬೇಕಾದ ಮಾತು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಪತ್ರ.

ನವೆಂಬರ್‌ನಲ್ಲಿ ಕಳಿಸಿದ್ದ ವಿಡಿಯೊವನ್ನೂ ಮತ್ತೊಮ್ಮೆ ಹಾಕಿಸಿಕೊಂಡು ನೋಡಿದೆ. ದೊಡ್ಡ ಸ್ಪೀಕರ್‌ನಲ್ಲಿ ಸಿನಿಮಾ ಹಾಡು. ಮಕ್ಕಳಿಗೆಲ್ಲ ಪೇಟ, ಜರಿ ಅಂಗಿ, ಕೈಯಲ್ಲಿ ಹಳದಿ-ಕೆಂಪು ಬಾವುಟ. ಚಿನ್ನಿಗೆ ಹೆಜ್ಜೆ ಬರುತ್ತಿತ್ತು. ಆದರೆ ಪಕ್ಕದವಳು ತಪ್ಪಿದ ಕೂಡಲೇ ಇವಳೂ ನಿಂತಳು. ಮತ್ತೆ ಎಲ್ಲಿಂದ ಸೇರಿಕೊಳ್ಳಬೇಕು ಅಂತ ತಿಳಿಯಲಿಲ್ಲ. ಅದರಲ್ಲಿ ಕನ್ನಡದ ದೋಷ ಏನಿದೆ ಹೇಳು? ಆ ಹಾಡನ್ನು ಅವಳು ಹಾಡಲೇ ಇಲ್ಲ. ಅಲ್ಲಿದ್ದ ಯಾವ ಮಗುವೂ ಹಾಡಲಿಲ್ಲ. ಹಾಡಿದ್ದು ಸ್ಪೀಕರ್. ಶಾಲೆಯಲ್ಲಿ ಹಾಗಲ್ಲ. ನವೆಂಬರ್‌ನಿಂದಲೇ ದಿನಾ ಬೆಳಿಗ್ಗೆ ಕ್ಲಾಸಿನಲ್ಲಿ ಎಲ್ಲರೂ ಸೇರಿ ಹಾಡುತ್ತಿದ್ದರು, ಟೀಚರ್ ಕೂಡ ಅವರ ಜೊತೆ ಹಾಡುತ್ತಿದ್ದರು ಅಂತ ನೀನೇ ಹೇಳಿದ್ದೆ. ಹಾರ ಕಣ್ಣಿಗೆ ಬಿದ್ದರೂ ಅವಳು ತಡವರಿಸದೇ ಇದ್ದದ್ದು ಅದಕ್ಕೇ. ಹಾಡು ಅವಳ ಬಾಯಲ್ಲಿ ಕುಳಿತುಬಿಟ್ಟಿತ್ತು.

ಕೂಟದವರನ್ನು ನಾನು ದೂರುತ್ತಿಲ್ಲ, ತಾಯಿ. ನೌಕರಿ, ಮನೆ, ಮಕ್ಕಳು ಎಲ್ಲ ನೋಡಿಕೊಂಡು ರಜೆಯ ದಿನ ಹಾಲ್ ಹಿಡಿದು, ಅಷ್ಟು ಜನಕ್ಕೆ ತಾವೇ ಅಡುಗೆ ಮಾಡಿ ಬಡಿಸುವುದು ಸಣ್ಣ ಕೆಲಸವಲ್ಲ. ಅವರಿಗೆ ಪುಣ್ಯ ಬರಲಿ. ನನ್ನದು ಒಂದೇ ಬೇಡಿಕೆ. ಮುಂದಿನ ಸಲ ಪೆನ್‌ಡ್ರೈವ್ ಬದಿಗಿಟ್ಟು ಮಕ್ಕಳ ಬಾಯಿಂದ ಒಂದೇ ಒಂದು ಹಾಡು ಹಾಡಿಸಿ ಅಂತ ಅವರಿಗೆ ಹೇಳು. ತಾಳ ತಪ್ಪಲಿ, ರಾಗ ತಪ್ಪಲಿ. ಎರಡೇ ನುಡಿ ಸಾಕು.

ಗೌರಿ ಹುಣ್ಣಿಮೆ ನೆನಪಿದೆ ಅಲ್ವಾ ನಿನಗೆ? ಕಾರ್ತಿಕ ಬಂತೆಂದರೆ ನಮ್ಮ ಮನೆಯ ಅಟ್ಟದಿಂದ ಸಕ್ಕರೆ ಗೊಂಬೆಯ ಅಚ್ಚು ಇಳಿಯುತ್ತಿದ್ದವು. ಸಾಗವಾನಿ ಕಟ್ಟಿಗೆಯ ಅಚ್ಚು, ಒಂದೊಂದಕ್ಕೂ ಎರಡು ಹೋಳು. ಆನೆ, ಗಿಳಿ, ತೇರು, ಬಸವಣ್ಣ. ರಾತ್ರಿಯೇ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಎರಡೂ ಹೋಳು ಸೇರಿಸಿ ದಾರದಿಂದ ಬಿಗಿಯಾಗಿ ಕಟ್ಟುತ್ತಿದ್ದೆವು. ಸಕ್ಕರೆ ಪಾಕಕ್ಕೆ ಸ್ವಲ್ಪ ಹಾಲು ಹಾಕಿದರೆ ಕೊಳೆ ಮೇಲೆ ತೇಲುತ್ತದೆ. ಅದನ್ನು ತೆಗೆದು, ಸೋಸಿ, ಪಾಕ ಗಟ್ಟಿಯಾಗುವ ತನಕ ತಿರುವಿ, ಬಿಸಿ ಇರುವಾಗಲೇ ಅಚ್ಚಿಗೆ ಸುರಿಯಬೇಕು. ಸ್ವಲ್ಪ ಹೊತ್ತಿಗೆ ದಾರ ಬಿಚ್ಚಿದರೆ ಬಿಳೀ ಆನೆ ನಿಂತಿರುತ್ತಿತ್ತು. ಸೊಂಡಿಲು ಮುರಿದರೆ ಅದು ನಿನ್ನ ಬಾಯಿಗೆ. ಮುರಿಯಲಿ ಅಂತಲೇ ನೀನು ಪಕ್ಕದಲ್ಲಿ ಕೂತಿರುತ್ತಿದ್ದೆ.

ಸಂಜೆ ಪರಕಾರ-ಪೋಲಕ ಹಾಕಿಕೊಂಡು, ಹೂ ಮುಡಿದು, ತಟ್ಟೆಯಲ್ಲಿ ಗೊಂಬೆ ಜೋಡಿಸಿ, ನಡುವೆ ದೀಪ ಇಟ್ಟುಕೊಂಡು ಓಣಿಯ ಹುಡುಗಿಯರೆಲ್ಲ ಗೌರಿಗೆ ಆರತಿ ಬೆಳಗಲು ಹೊರಡುತ್ತಿದ್ದಿರಿ. ಹಾಡುತ್ತಾ ಹೋಗುವುದು, ಹಾಡುತ್ತಾ ಬರುವುದು. ಆ ಹಾಡನ್ನು ನಾನು ನಿನಗೆ ಒಂದು ದಿನವೂ ಕೂರಿಸಿಕೊಂಡು ಕಲಿಸಲಿಲ್ಲ. ದೊಡ್ಡ ಹುಡುಗಿಯರು ಹಾಡಿದರು, ನೀವು ಸಣ್ಣವರು ಹಿಂದೆ ಹಿಂದೆ ಹಾಡಿದಿರಿ. ನೋಡುವವರು ಅಂತ ಯಾರೂ ಕುರ್ಚಿ ಹಾಕಿಕೊಂಡು ಕೂತಿರಲಿಲ್ಲ. ನಿನಗೆ ನಿಶ್ಚಯವಾದ ವರ್ಷ ಬೀಗರು ಸೀರೆಯ ಜೊತೆ ಸಕ್ಕರೆ ಆರತಿ ತಂದಾಗಲೂ, ಓಣಿಯವರೆಲ್ಲ ನಿನ್ನನ್ನು ನಡುವೆ ಕೂರಿಸಿ ಅವೇ ಹಾಡು ಹೇಳಿದ್ದರು.

ಈಗ ನಿನ್ನ ಮಗಳು ಬಿಳಿ ಅಂಗಿ ಹಾಕಿ, ದೀಪ ಹಿಡಿದು, ಗೆಳತಿಯರ ಸಾಲಿನಲ್ಲಿ ಹಾಡುತ್ತಾ ಬಂದಳು. ನನಗೆ ಅದರಲ್ಲಿ ಪರಕೀಯ ಏನೂ ಕಾಣಲಿಲ್ಲ. ಬೆಳಿಗ್ಗೆ ಮುಕ್ಕಾಲು ಒಂಬತ್ತಕ್ಕೆ ಹುಟ್ಟಿ ಮಧ್ಯಾಹ್ನ ಮೂರೂವರೆಗೆ ಮುಂಚೆಯೇ ಮುಳುಗುವ ಸೂರ್ಯನ ಊರಲ್ಲಿ ಜನ ಮಕ್ಕಳ ಕೈಗೆ ದೀಪ ಕೊಟ್ಟು ಹಾಡಿಸುತ್ತಾರೆ ಅಂದರೆ ಎಷ್ಟು ಅರ್ಥ ಇದೆ! ಹಳೆಯ ಪಂಚಾಂಗದ ಕಾಲದಲ್ಲಿ ವರ್ಷದ ಅತಿ ಉದ್ದದ ರಾತ್ರಿ ಈ ಹಬ್ಬದ ದಿನವಾದ ಡಿಸೆಂಬರ್ 13ರ ಹೊತ್ತಿಗೇ ಬರುತ್ತಿತ್ತಂತೆ. ಆ ಲೂಸಿಯಾ ಕೂಡ ಅವರ ನಾಡಿನವಳಲ್ಲ, ಇಟಲಿಯ ಸಿರಕೂಸಾ ಎಂಬ ಊರಿನ ಹೆಣ್ಣುಮಗಳು, ಸುಮಾರು 1700 ವರ್ಷಗಳ ಹಿಂದೆ ತನ್ನ ನಂಬಿಕೆಗಾಗಿ ಪ್ರಾಣ ಕೊಟ್ಟವಳು ಅಂತ ಅಳಿಯಂದಿರು ಹೇಳಿದರು. ಕೆಂಪು ಪಟ್ಟಿ ಅವಳ ರಕ್ತದ ಗುರುತು. ಅವರು ಹಾಡುವ ಹಾಡಿನ ಧಾಟಿಯೂ ಇಟಲಿಯ ನೇಪಲ್ಸ್‌ನದು. ಎಲ್ಲಿಂದಲೋ ಬಂದವಳನ್ನು ಸ್ವೀಡನ್ನಿನವರು ತಮ್ಮ ಮನೆ ಮಗಳು ಮಾಡಿಕೊಂಡರು.

ಇದನ್ನು ವಿಜಯಪುರದಲ್ಲಿ ಹುಟ್ಟಿ ಬೆಳೆದ ನಿನಗೆ ನಾನು ಬಿಡಿಸಿ ಹೇಳಬೇಕಾ? ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿ ಹೊಗಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಆಳಿದ ಊರು ನಮ್ಮದು. ಮೊಹರಂನಲ್ಲಿ ಅಲಾಯಿ ದೇವರಿಗೆ ಸಕ್ಕರೆ ಓದಿಸಿಕೊಂಡು ಬಂದು ನಿನ್ನ ಬಾಯಿಗೆ ಹಾಕುತ್ತಿದ್ದವರು ನಿಮ್ಮ ಆಯಿಯೇ. ಅದರಿಂದ ನೀನು ಸಿದ್ಧೇಶ್ವರ ಗುಡಿಯನ್ನು ಮರೆತೆಯಾ? ಚಿನ್ನಿ ಲೂಸಿಯಾ ಹಾಡಲಿ. ಬರುವ ವರ್ಷ ಕಿರೀಟ ಯಾರಿಗೆ ಅಂತ ಎತ್ತುವ ಚೀಟಿ ಅವಳ ಹೆಸರಿಗೇ ಬರಲಿ ಅಂತ ನಾನು ಬೇಡಿಕೊಳ್ಳುತ್ತೇನೆ.

ಆದರೆ ಕನ್ನಡ ತಾನಾಗಿ ಉಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಅದಕ್ಕೆ ದುಡಿಯಬೇಕು. ಮನೆಮಾತಿನ ಪಾಠದ ವಿಷಯ ನೀನು ಒಂದು ಸಲ ಹೇಳಿ ಸುಮ್ಮನಾದೆ. ನಿಮ್ಮಪ್ಪ ಅದನ್ನು ಬಿಡದೆ ಅಳಿಯಂದಿರ ಹತ್ತಿರ ಪೂರ್ತಿ ಕೇಳಿ ತಿಳಿದುಕೊಂಡಿದ್ದಾರೆ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ ಅಲ್ಲಿನ ಶಾಲೆಯ ವ್ಯವಸ್ಥೆಯಲ್ಲೇ ಆ ಭಾಷೆ ಕಲಿಸುತ್ತಾರೆ, ಫೀಸು ಇಲ್ಲ. ಆದರೆ ಊರಿನ ಆಡಳಿತದ ವ್ಯಾಪ್ತಿಯಲ್ಲಿ ಕನಿಷ್ಠ 5 ಮಕ್ಕಳು ಆ ಭಾಷೆ ಬೇಕು ಅನ್ನಬೇಕು, ಕಲಿಸಲು ತಕ್ಕವರು ಸಿಗಬೇಕು. ತಂದೆಯೋ ತಾಯಿಯೋ ಮನೆಯಲ್ಲಿ ದಿನಾ ಆ ಭಾಷೆ ಆಡುತ್ತಿರಬೇಕು, ಮಗುವಿಗೂ ಅಷ್ಟಿಷ್ಟು ಬರುತ್ತಿರಬೇಕು. ಕೊನೆಯ ಮಾತನ್ನು ಸರಿಯಾಗಿ ಗಮನಿಸು. ಈಗ ಮನೆಯಲ್ಲಿ ಕನ್ನಡ ಸಡಿಲ ಬಿಟ್ಟರೆ ನಾಳೆ ಆ ಪಾಠ ಕೇಳುವ ಹಕ್ಕೂ ಇರುವುದಿಲ್ಲ.

ಚಿನ್ನಿ ಈಗ ಒಂದನೇ ತರಗತಿ, ಸರಿಯಾದ ವಯಸ್ಸು. ಗೋಥೆನ್‌ಬರ್ಗ್‌ನಲ್ಲಿ ನಿಮ್ಮ ಗುಂಪಿನಲ್ಲೇ ಐದು ಮಕ್ಕಳು ಸಿಗುವುದಿಲ್ಲವೇ? ಬಾಗಲಕೋಟೆಯ ಆ ಹುಡುಗಿ ಇಲ್ಲಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು, ಬಿ.ಎಡ್. ಆಗಿದೆ ಅಂದಿದ್ದೆ. ಮೊದಲು ಅವಳನ್ನು ಕೇಳು. ನಾಲ್ಕು ಮನೆಗೆ ನೀನೇ ಹೋಗಿ ಮಾತಾಡು. ಬೇರೆ ಯಾರಾದರೂ ಮುಂದೆ ಬರಲಿ ಅಂತ ಕೂರಬೇಡ. ಸ್ಟೇಜಿಗೆ ಡ್ರೆಸ್ ಹುಡುಕಲು ಓಡಾಡಿದೆಯಲ್ಲ, ಅದರ ಅರ್ಧ ಓಡಾಟ ಇದಕ್ಕೆ ಸಾಕು.

ಇನ್ನೊಂದು ಖುಷಿಯ ಸುದ್ದಿ, ನೀನು ಆಫೀಸಿಗೆ ಹೊರಟಿದ್ದರಿಂದ ಪೂರ್ತಿ ಕೇಳಿಸಿಕೊಂಡಿರಲಿಕ್ಕಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಬಿಳಿಜೋಳ ಎದೆಯುದ್ದ ನಿಂತಿದೆ, ಕಡಲೆ ಹೂವಾಡುತ್ತಿದೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಎಡೆಯ ಅಡುಗೆಯನ್ನು ಹೊಲದ ತುಂಬ ಎರಚುವ ಚರಗ ಚೆಲ್ಲಲು ಹೊರಟಾಗ ನಿಮ್ಮಪ್ಪ ವಿಡಿಯೊ ಕಾಲ್ ಹಚ್ಚಿದರು. ಇಲ್ಲಿ ಮಧ್ಯಾಹ್ನ ಹನ್ನೆರಡು, ಅಲ್ಲಿ ಏಳೂವರೆ, ಕಿಟಕಿಯ ಹೊರಗೆ ಇನ್ನೂ ಕತ್ತಲು. ಚಿನ್ನಿ ಒಂದು ಕಾಲಿಗೆ ಬೂಟು ಹಾಕಿಕೊಂಡು ನಿಂತಿದ್ದಳು. ನಿಮ್ಮ ಕಾಕಾ ಮುಂದೆ ಚರಗ ಚೆಲ್ಲುತ್ತಾ "ಹುಲ್ಲುಲ್ಲಿಗೋ" ಅಂದರು. ಹಿಂದಿನವರು ನೀರು ಹಾಕುತ್ತಾ "ಚಲ್ಲಂಬ್ರಿಗೋ" ಅಂದರು. ಮುಂದಿನ ಸಲ ಕಾಕಾ ಕೂಗುವುದೇ ತಡ, ಫೋನಿನೊಳಗಿಂದ ಚಿನ್ನಿಯೇ "ಚಲ್ಲಂಬ್ರಿಗೋ" ಅಂತ ಕಿರುಚಿದಳು! ಹೊಲದಲ್ಲಿದ್ದವರೆಲ್ಲ ನಕ್ಕು ನಕ್ಕು ಸಾಕಾದರು. ಬದುವಿನ ತನಕ ಹಾಗೇ ನಡೆಯಿತು. ಇಲ್ಲಿಂದ ಒಂದು ಕೂಗು, ಅಲ್ಲಿಂದ ಒಂದು ಕೂಗು. ಶಾಲೆಗೆ ತಡವಾಯಿತು ಅಂತ ನೀನು ಬೈದೆ, ಇರಲಿ. ಯಾರೂ ಅವಳಿಗೆ ಪ್ರಾಕ್ಟೀಸ್ ಮಾಡಿಸಿರಲಿಲ್ಲ ನೋಡು. ಅವಳ ಪಾಲಿಗೆ ಒಂದು ಕೆಲಸ ಸಿಕ್ಕಿತು, ಮಾಡಿದಳು. ಇನ್ನು ಪ್ರತಿ ವರ್ಷ ಆ ಕೂಗು ಅವಳದೇ ಅಂತ ಕಾಕಾ ಹೇಳಿದ್ದಾರೆ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ತಯಾರಿ ಶುರುವಾಗಿದೆ. ನಂದಿಧ್ವಜದ ಮೆರವಣಿಗೆಯನ್ನೂ ಮದ್ದು ಸುಡುವುದನ್ನೂ ನಿಮ್ಮಪ್ಪ ಫೋನಿನಲ್ಲಿ ತೋರಿಸುತ್ತಾರಂತೆ. ನೀನು ಅಲ್ಲಿ ಭೋಗಿಯ ದಿನ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವ ಕೆಲಸ ಚಿನ್ನಿಗೆ ಕೊಡು. ರೊಟ್ಟಿ ಹರಿದರೆ ಹರಿಯಲಿ. ಕೈ ಕೆಲಸದಲ್ಲಿರುವಾಗ ಮಕ್ಕಳ ಬಾಯಿ ಸುಮ್ಮನಿರುವುದಿಲ್ಲ, ಆಗ ನೀನೂ ಹಾಡು. ನಿನಗೆ ಆರತಿ ಹಾಡು ಪೂರ್ತಿ ನೆನಪಿಲ್ಲದಿದ್ದರೆ ಹೇಳು, ನಾನು ಹಾಡಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಅದನ್ನು ಕೇಳಿ ನೀನು ಕಲಿ. ಅವಳಿಗೆ ಮಾತ್ರ ನನ್ನ ರೆಕಾರ್ಡ್ ಹಾಕಬೇಡ, ನಿನ್ನ ಬಾಯಿಂದಲೇ ಹೇಳಿಕೊಡು.

ಸಂಕ್ರಾಂತಿ ಮುಗಿದ ಮೇಲೆ ನಿನ್ನ ಗೆಳತಿಯ ಅಣ್ಣ ಆ ಕಡೆ ಹೊರಡುತ್ತಾನೆ. ಅವನ ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕುಸುರೆಳ್ಳು ಕಳಿಸುತ್ತೇನೆ. ಹಾಲಿನ ಪದಾರ್ಥ ಯುರೋಪಿಗೆ ಒಯ್ಯಲು ಬಿಡುವುದಿಲ್ಲ ಅಂತ ಅವನು ಹೇಳಿದ, ಹಾಗಾಗಿ ಅಳಿಯಂದಿರ ಪೇಡೆ, ಕುಂದಾ ಈ ಸಲ ಇಲ್ಲ. ಬೇಸರ ಮಾಡಿಕೊಳ್ಳಬಾರದು ಅಂತ ಹೇಳು. ಅದರ ಜೊತೆ ಹಳೇ ಸೀರೆಯಲ್ಲಿ ಸುತ್ತಿ ಸಕ್ಕರೆ ಗೊಂಬೆಯ ಅಚ್ಚುಗಳನ್ನೂ ಇಟ್ಟಿದ್ದೇನೆ. ಆನೆ, ಗಿಳಿ, ತೇರು ಅಲ್ಲಿಗೆ ಬರುತ್ತವೆ. ಬಸವಣ್ಣ ಇಲ್ಲಿ ನನ್ನ ಹತ್ತಿರ ಇರಲಿ. ಗೌರಿ ಹುಣ್ಣಿಮೆ ಬರುವ ತನಕ ಕಾಯಬೇಡ, ಒಂದು ಭಾನುವಾರ ಸ್ವಲ್ಪವೇ ಸಕ್ಕರೆಯಲ್ಲಿ ಮಾಡಿ ನೋಡು. ಪಾಕ ಹದಕ್ಕೆ ಬಂತೋ ಇಲ್ಲವೋ ಅಂತ ಅನುಮಾನ ಬಂದರೆ ಫೋನ್ ಹಚ್ಚಿ ಪಾತ್ರೆ ತೋರಿಸು, ನಾನು ನೋಡಿ ಹೇಳುತ್ತೇನೆ. ಬಿಸಿ ಪಾಕದ ಹತ್ತಿರ ಚಿನ್ನಿಯನ್ನು ಬಿಡಬೇಡ. ದಾರ ಕಟ್ಟುವುದು, ಬಿಚ್ಚುವುದು ಅವಳಿಗಿರಲಿ. ಅವಳ ಲೂಸಿಯಾ ಸಾಲಿನ ಗೆಳತಿಯರನ್ನೂ ಆ ದಿನ ಮನೆಗೆ ಕರೆ.

ಐದು ಮಕ್ಕಳು ಸಿಕ್ಕರೋ ಇಲ್ಲವೋ ತಿಳಿಸು. ಬಾಗಲಕೋಟೆಯ ಹುಡುಗಿ ಹಿಂದೆಮುಂದೆ ನೋಡಿದರೆ ಅವಳ ನಂಬರ್ ನನಗೆ ಕೊಡು, ನಾನೇ ಮಾತಾಡುತ್ತೇನೆ.

ನಿನ್ನ ಅವ್ವ