ರೈಲು ತಪ್ಪಿದ ಮಗನಿಗೆ

ಮಾದಾಪುರ
ಆಗಸ್ಟ್ 2, ಬೆಳಗಿನ ಜಾವ

ಚಿರಂಜೀವಿ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ರಾತ್ರಿ ನೀನು ಫೋನ್ ಇಟ್ಟಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಮೂರು ದಿನದಿಂದ ಕರೆಂಟಿಲ್ಲ, ಚಿಮಣಿ ಹಚ್ಚಿಕೊಂಡು ಬರೆಯಲು ಕೂತಿದ್ದೇನೆ. ಹೊತ್ತು ಮೂಡಿದ ಮೇಲೆ ಕೆಳಮನೆಯ ಹುಡುಗಿ ಇದರ ಫೋಟೊ ತೆಗೆದು ನಿನಗೆ ಕಳಿಸುತ್ತಾಳೆ, ಅವರಲ್ಲಿ ಇನ್ವರ್ಟರ್ ಇದೆಯಲ್ಲ. ಬಾಯಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ಕಾಗದವಾದರೆ ಪೂರ್ತಿ ಓದುತ್ತೀ. ಹಾಸ್ಟೆಲಿನಲ್ಲಿದ್ದಾಗಲೂ ನೀನು ಹಾಗೇ.

ನಿಮಗಾದದ್ದು ಸಣ್ಣ ತೊಂದರೆ ಅಂತ ನಾನು ಹೇಳುವುದಿಲ್ಲ. ಮನೆಬಿಟ್ಟು ಅರ್ಧ ಗಂಟೆಯಾಗಿಲ್ಲ, ಸುಂಟಿಕೊಪ್ಪದ ದಾರಿಗೆ ಸಿಲ್ವರ್ ಓಕ್ ಮರ ಅಡ್ಡ ಬಿತ್ತು. ಗರಗಸದವರು ಬಂದು ಕೊಯ್ದು ದಾರಿ ಬಿಡಿಸುವಾಗ ಎರಡೂವರೆ ಗಂಟೆ ಹೋಯಿತು. ಕುಶಾಲನಗರದಲ್ಲಿ ಸಿಕ್ಕಿದ ಬಸ್ಸು ಹುಣಸೂರು ದಾಟಿ ಕೆಟ್ಟು ನಿಂತಿತು. ಮೈಸೂರು ಮುಟ್ಟುವಾಗ ತಮಿಳುನಾಡಿನ ಮಯಿಲಾಡುತುರೈಗೆ ಹೋಗುವ ರೈಲು ಹೋಗಿಯಾಗಿತ್ತು. ಫೋನಿನಲ್ಲಿ ಜೀವ ಇದ್ದಷ್ಟು ಹೊತ್ತಿನಲ್ಲಿ ಒಂದು ರೂಮು ಬುಕ್ ಮಾಡಿದರೆ, ಅಲ್ಲಿ ಹೋದಾಗ ರೂಮು ಖಾಲಿ ಇಲ್ಲ ಎಂದರು. ಬೇರೆ ಲಾಡ್ಜು ಹುಡುಕಿ ಬಾಗಿಲು ಹಾಕಿಕೊಳ್ಳುವಾಗ ರಾತ್ರಿ ಒಂಬತ್ತು. ಬ್ಯಾಗಿಗೆ ನೀರಿಳಿದು ನಿನ್ನ ಹೆಂಡತಿಯ ಸೀರೆಗಳೆಲ್ಲ ಒದ್ದೆ. ಒಂದೇ ದಿನದಲ್ಲಿ ಇಷ್ಟೂ ಆದರೆ ಯಾರಿಗೂ ತಲೆ ಕೆಡುತ್ತದೆ.

ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಮಾತ್ರ ಇದ್ಯಾವುದೂ ಅಲ್ಲ, ಕೊನೆಗೆ ನೀನು ಆಡಿದ ಮಾತು. ‘ಇವಳು ಹೊರಡುವ ಹೊತ್ತಿಗೆ ನಿಮ್ಮಲ್ಲಿಗೆ ಬಂದು ಕೂತದ್ದಕ್ಕೇ ಇಷ್ಟೆಲ್ಲ ಆಯಿತು’ ಎಂದೆ. ಅವಳು ಪಕ್ಕದಲ್ಲೇ ಇದ್ದಳು. ಅವಳಿಗೆ ಫೋನ್ ಕೊಡು ಎಂದರೆ ತಲೆನೋವಂತೆ ಎಂದೆ. ಮದುವೆಯಾಗಿ ಬಂದಾಗಿನಿಂದ ನನ್ನ ಫೋನಿಗೆ ಅವಳು ತಲೆನೋವೆಂದು ಬಾರದೆ ಇದ್ದದ್ದಿಲ್ಲ.

ಅವಳು ಬೆಳಗ್ಗೆ ನನ್ನಲ್ಲಿಗೆ ಯಾಕೆ ಬಂದಳು ಎಂದು ನೀನು ಕೇಳಿದೆಯಾ? ನಮ್ಮ ಮನೆಯಲ್ಲಿ ತೀರ್ಥ ಇತ್ತು. ಹೋದ ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದು ದೇವರ ಮುಂದೆ ಇಟ್ಟದ್ದು. ಅದರಲ್ಲಿ ಒಂದು ಸಣ್ಣ ಬಾಟಲಿಯಷ್ಟು ಕೊಡಿ, ಕಾವೇರಿ ಸಮುದ್ರ ಸೇರುವ ಪೂಂಪುಹಾರಿನಲ್ಲಿ ಬಿಡುತ್ತೇನೆ ಎಂದಳು. ನಿನಗೆ ಆಗಲೇ ಹೇಳಬಾರದು, ಅಲ್ಲಿ ಮುಟ್ಟಿದ ಮೇಲೆ ತೋರಿಸುತ್ತೇನೆ ಅಂತಲೂ ಹೇಳಿದಳು. ಆ ಗುಟ್ಟನ್ನು ಈಗ ನಾನು ಒಡೆಯಬೇಕಾಯಿತು, ಅದಕ್ಕೆ ಅವಳ ಕ್ಷಮೆ ಕೇಳುತ್ತೇನೆ. ಬಾಟಲಿ ತೊಳೆದು, ಒಣಗಿಸಿ, ತುಂಬಿ ಕೊಡುವುದಕ್ಕೆ ನನ್ನ ಕೈಗೆ ಹತ್ತು ನಿಮಿಷ ಬೇಕಾಯಿತು. ಬೇಗ ಎನ್ನುತ್ತಾ ಬಾಗಿಲಲ್ಲೇ ನಿಂತವಳನ್ನು ಕೂರಿಸಿದ್ದು ನಾನು. ಆ ಹತ್ತು ನಿಮಿಷದ ಲೆಕ್ಕ ಬರೆಯಲೇಬೇಕಾದರೆ ನನ್ನ ಹೆಸರಿಗೆ ಬರೆ. ಮರ ಬಿದ್ದದ್ದನ್ನು, ಬಸ್ಸು ಕೆಟ್ಟದ್ದನ್ನು ಯಾರ ಹೆಸರಿಗೂ ಬರೆಯಲಾಗುವುದಿಲ್ಲ.

ಈಗ ನಿನ್ನ ದೊಡ್ಡಪ್ಪನ ವಿಷಯ ಒಂದು ಹೇಳುತ್ತೇನೆ. ನಿನ್ನ ಅಮ್ಮನಿಗೆ ಗೊತ್ತಿತ್ತು, ನಿಮಗೆ ಯಾರಿಗೂ ಹೇಳಿಲ್ಲ. 1987ರಲ್ಲಿ ನಮಗೆ ಮದುವೆಯಾಗಿ ಹನ್ನೊಂದು ವರ್ಷ. ಆ ವರ್ಷ ಮೆಣಸಿಗೆ ಒಳ್ಳೆಯ ಕ್ರಯ ಬಂದಿತ್ತು. ಬೇಲೂರು, ಹಳೇಬೀಡು ನೋಡಿ ಅಲ್ಲಿಂದ ಜೋಗಕ್ಕೆ ಹೋಗುವುದೆಂದು ಹೊರಟೆವು. ಸೋಮವಾರಪೇಟೆಯಲ್ಲಿ ಬಸ್ಸು ಹತ್ತಿ ಹಾಸನದಲ್ಲಿ ಇಳಿದು ನೋಡಿದರೆ ಮೇಲೆ ಟಾಪಿನಲ್ಲಿ ಹಾಕಿದ ಪೆಟ್ಟಿಗೆ ಇಲ್ಲ. ದಾರಿಯಲ್ಲಿ ಯಾರೋ ತಮ್ಮದೆಂದು ಇಳಿಸಿಕೊಂಡಿದ್ದರು. ಬಟ್ಟೆ ಹೋಯಿತು, ಅರ್ಧ ದುಡ್ಡೂ ಅದರಲ್ಲೇ ಇತ್ತು. ‘ದುಡ್ಡು ಪೆಟ್ಟಿಗೆಯಲ್ಲಿ ಇಡು ಎಂದವರು ಯಾರು?’ ಎಂದರು ಅವರು. ‘ಪೆಟ್ಟಿಗೆ ಮೇಲೆ ಹಾಕಿಸಿದವರು ಯಾರು?’ ಎಂದೆ ನಾನು. ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಆ ಎರಡೇ ಮಾತನ್ನು ಎಷ್ಟು ಸಲ ಆಡಿದೆವೋ. ಉಳಿದ ದುಡ್ಡಿನಲ್ಲಿ ಬೇಲೂರಿಗಾದರೂ ಹೋಗಿ ಬರಬಹುದಿತ್ತು. ಹೋಗೋಣ ಎಂದು ಮೊದಲು ಹೇಳಿದವರು ಸೋತಂತೆ ಅಂತ ಇಬ್ಬರಿಗೂ ಅನಿಸಿತು, ಇಬ್ಬರೂ ಹೇಳಲಿಲ್ಲ. ಸಂಜೆಯ ಬಸ್ಸಿಗೆ ವಾಪಸು ಬಂದೆವು.

ಎಂಟು ದಿನ ಬಿಟ್ಟು ಆ ಪೆಟ್ಟಿಗೆ ತಿರುಗಿ ಬಂತು, ಮಗಾ. ತಪ್ಪಾಗಿ ಇಳಿಸಿಕೊಂಡವರೇ ಕಂಡಕ್ಟರನ ಕೈಗೆ ಕೊಟ್ಟು ಕಳಿಸಿದ್ದರು. ಬೀಗ ಕೂಡ ಒಡೆದಿರಲಿಲ್ಲ. ದುಡ್ಡು ಹಾಗೇ ಇತ್ತು, ನನ್ನ ರೇಷ್ಮೆ ಸೀರೆಯ ಮಡಿಕೆ ಹಾಗೇ ಇತ್ತು. ಆದರೆ ಮತ್ತೊಮ್ಮೆ ಹೊರಡುವ ಮಾತು ನಮ್ಮಿಬ್ಬರ ಬಾಯಲ್ಲೂ ಬರಲಿಲ್ಲ. ಬಂದರೆ ಆ ಬೆಂಚಿನ ಮಾತೂ ಜೊತೆಗೇ ಬರುತ್ತದೆಂಬ ಅಂಜಿಕೆ. 2011ರಲ್ಲಿ ಅವರು ಹೋದರು. ಜೋಗವನ್ನು ನಾನು ನೋಡಿದ್ದು ಆಮೇಲೆ, ಮಹಿಳಾ ಸಂಘದವರ ಜೊತೆ. ನೀರು ಬೀಳುವುದನ್ನು ನೋಡುತ್ತಾ ನಿಂತಾಗ ಅಳು ತಡೆಯಲಾಗಲಿಲ್ಲ. ಜೊತೆಯಲ್ಲಿದ್ದವರು ಸಂತೋಷಕ್ಕೆ ಎಂದುಕೊಂಡರು.

ಅದಕ್ಕೇ ಹೇಳುತ್ತಿದ್ದೇನೆ. ಇವತ್ತು ವಾಪಸು ಬಸ್ಸು ಹತ್ತಬೇಡ.

ಈ ಪ್ರವಾಸ ಎಷ್ಟು ವರ್ಷ ಹಳೆಯದು, ನೆನಪು ಮಾಡಿಕೋ. ಮೊದಲು ಹೊರಡಬೇಕಿದ್ದದ್ದು 2018ರ ಆಗಸ್ಟಿನಲ್ಲಿ. ಆ ತಿಂಗಳ ನಡುವಿನಲ್ಲಿ ಗುಡ್ಡ ಜರಿದು, ಮಕ್ಕಂದೂರು, ಹಟ್ಟಿಹೊಳೆ ಕಡೆಯವರೆಲ್ಲ ಉಟ್ಟ ಬಟ್ಟೆಯಲ್ಲಿ ಓಡಿ ಬಂದದ್ದು. ನಿಮ್ಮ ಕೆಳಗಿನ ತುಂಡು ತೋಟವೂ ಕೆಸರಿನ ಜೊತೆ ಹೋಯಿತು. ಕಟ್ಟಿಟ್ಟ ಚೀಲ ಹಿಡಿದುಕೊಂಡೇ ಅವಳು ಪರಿಹಾರ ಕೇಂದ್ರಕ್ಕೆ ಹೋಗಿ, ಅದರೊಳಗಿನ ಹೊಸ ಸೀರೆಗಳನ್ನು ಅಲ್ಲಿನ ಹೆಂಗಸರಿಗೆ ಹಂಚಿದಳು. ಆಮೇಲೆ 2020ರಲ್ಲಿ ಕೊರೋನಾ. ಆಮೇಲೆ ನಿನ್ನ ಅಮ್ಮ ಮಲಗಿದಲ್ಲೇ ಇದ್ದ ಮೂರು ವರ್ಷ. ನನ್ನ ತಂಗಿಯನ್ನು ತೊಳೆದು ಬಳಿದು ನೋಡಿಕೊಂಡವಳು ಅವಳು. ಒಂದು ದಿನವೂ ‘ನನ್ನ ಪ್ರವಾಸ’ ಎಂದು ಬಾಯಿಬಿಟ್ಟವಳಲ್ಲ.

ನಮ್ಮಂಥ ತೋಟದವರಿಗೆ ಬಿಡುವು ಸಿಗುವುದೇ ಈ ಹಾಳು ಮಳೆಯಲ್ಲಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಮೆಣಸು ಕೊಯ್ಲು. ಕಾಫಿಯ ಹೂವರಳಿಸುವ ಮಳೆ ಬಂತೋ ಇಲ್ಲವೋ ಎಂದು ಆಕಾಶ ನೋಡುವುದು ಒಂದು ತಿಂಗಳು. ಗಿಡ ಕಸಿ, ಗೊಬ್ಬರ, ಮಳೆಗೆ ಮೊದಲು ಬೋರ್ಡೋ ದ್ರಾವಣ ಸಿಂಪಡಿಸುವುದು, ಆಮೇಲೆ ಗದ್ದೆ ನಾಟಿ. ನಾಟಿ ಮುಗಿದು ಕೈ ಬಿಡುವಾಗುವಾಗ ಮರ ಬೀಳುವ, ದಾರಿ ಕುಸಿಯುವ ಕಾಲವೇ ಬಂದಿರುತ್ತದೆ. ಬೇರೆ ಊರಿನವರ ಹಾಗೆ ಒಳ್ಳೆಯ ಹವೆ ನೋಡಿ ಹೊರಡುವ ಭಾಗ್ಯ ನಮಗಿಲ್ಲ. ಇನ್ನು ಮುಂದೆ ಮಳೆಗಾಲದಲ್ಲಿ ಹೊರಡುವುದಾದರೆ ರೈಲಿನ ಹಿಂದಿನ ದಿನವೇ ಮೈಸೂರು ಸೇರಿಬಿಡಿ. ಒಂದು ರಾತ್ರಿಯ ಲಾಡ್ಜಿನ ದುಡ್ಡು ದಂಡವಲ್ಲ. ನಿನ್ನೆ ತಪ್ಪು ಆಗಿದ್ದರೆ ಅದು ಇದೊಂದೇ, ಬೆಳಗ್ಗೆ ಹೊರಟು ಸಾಯಂಕಾಲದ ರೈಲು ಹಿಡಿಯುತ್ತೇವೆಂದು ನಂಬಿದ್ದು. ಅದನ್ನು ನಂಬಿದವನು ನೀನು, ನಾನೂ ಹೂಂ ಎಂದಿದ್ದೆ.

ನೀನು ಇನ್ನೊಂದು ಮಾತೂ ಹೇಳಿದೆ, ಬಾಡಿಗೆ ಕಾರು ಮಾಡಿ ರಾತ್ರಿಯೆಲ್ಲ ಓಡಿಸಿ ನಾಳೆ ಬೆಳಗ್ಗೆ ಅಲ್ಲಿ ಮುಟ್ಟುತ್ತೇನೆ ಅಂತ. ಅದು ಬೇಡವೇ ಬೇಡ. ನಾಳೆ ನಮ್ಮ ಕಕ್ಕಡ ತಿಂಗಳ ಹದಿನೆಂಟು, ನಾವು ಮದ್ದುಸೊಪ್ಪು ಬೇಯಿಸುವ ದಿನ. ಅದೇ ದಿನ ತಮಿಳುನಾಡಿನಲ್ಲಿ ಆಡಿ ತಿಂಗಳ ಹದಿನೆಂಟು. ಅಲ್ಲಿನ ಹೆಂಗಸರು ಅರಿಶಿನ, ಹೂವು, ಕರಿಮಣಿ, ಬಗೆಬಗೆಯ ಅನ್ನ ತೆಗೆದುಕೊಂಡು ಹೊಳೆದಂಡೆಗೆ ಬಂದು, ಉಕ್ಕಿ ಬರುವ ಕಾವೇರಿಗೆ ಪೂಜೆ ಮಾಡುತ್ತಾರೆ. ಎರಡೂ ಕರ್ಕ ಸಂಕ್ರಮಣದಿಂದ ಎಣಿಸಿದ ಹದಿನೆಂಟೇ. ಹೊಳೆ ಹುಟ್ಟುವ ನಾಡಿನ ಹೆಣ್ಣು ಅಲ್ಲಿ ಅದರ ಕೊನೆಯಲ್ಲಿ ಆ ದಿನ ನಿಲ್ಲಬೇಕೆಂದು ಅವಳು ಆಸೆಪಟ್ಟದ್ದು ನನಗೂ ಗೊತ್ತು. ಆದರೆ ನಿದ್ದೆಗೆಟ್ಟ ನಿನ್ನ ಕೈಯಲ್ಲಿ ಸ್ಟಿಯರಿಂಗ್ ಕೊಟ್ಟು, ಗೊತ್ತಿಲ್ಲದ ಘಟ್ಟ ಇಳಿಸಿ, ಆ ದಿನವನ್ನು ಹಿಡಿಯುವುದು ಬೇಡ. ದಿನ ತಪ್ಪಿತು ಎಂದು ಒಪ್ಪಿಕೊಳ್ಳಿ.

ಅದಕ್ಕೆ ಬದಲು ಹೀಗೆ ಮಾಡಿ. ನಾಳೆ ಬೆಳಗ್ಗೆ ಶ್ರೀರಂಗಪಟ್ಟಣಕ್ಕೆ ಹೋಗಿ. ಮೈಸೂರಿನಿಂದ ಎಷ್ಟು ದೂರ, ಹದಿನೈದು ಕಿಲೋಮೀಟರಿನ ಆಸುಪಾಸು. ಅಲ್ಲಿ ಹರಿಯುವುದೂ ಅವಳೇ ತಾನೇ. ಕನ್ನಂಬಾಡಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರೆ ಮೆಟ್ಟಿಲು ಇಳಿಯಬೇಡಿ, ಮೇಲಿನಿಂದಲೇ ಒಂದು ಹಿಡಿ ಹೂವು ಹಾಕಿ. ಬಾಟಲಿಯ ತೀರ್ಥ ಮಾತ್ರ ಅಲ್ಲಿ ಖಾಲಿ ಮಾಡಬೇಡಿ, ಅದು ಸಮುದ್ರದ ಬಾಯಿಗೆ. ಮಧ್ಯಾಹ್ನಕ್ಕೆ ಮೈಸೂರಿಗೆ ಬಂದು ಅದೇ ರೈಲು ಹತ್ತಿ. ಅದು ದಿನಾ ಇದೆ. ನಾಳೆಯ ತತ್ಕಾಲ್ ಟಿಕೆಟ್ ಬುಕಿಂಗ್ ಇವತ್ತು ತೆರೆಯುತ್ತದೆ, ಎ.ಸಿ.ಗೆ ಹತ್ತು ಗಂಟೆಗೆ, ಸ್ಲೀಪರ್‌ಗೆ ಹನ್ನೊಂದಕ್ಕೆ. ಇದನ್ನು ಕೆಳಮನೆಯ ಹುಡುಗಿ ಹೇಳಿದಳು, ಸೀಟುಗಳು ನಿಮಿಷದಲ್ಲಿ ಮುಗಿಯುತ್ತವಂತೆ, ಟಿಕೆಟ್ ಬುಕ್ ಮಾಡುವ ನಿನ್ನ ಖಾತೆಗೆ ಆಧಾರ್ ಜೋಡಿಸಿರಬೇಕಂತೆ. ಹತ್ತಕ್ಕೆ ಮುಂಚೆ ಫೋನ್ ಚಾರ್ಜು ಮಾಡಿಕೊಂಡು ಕೂತಿರು. ಸಿಗದಿದ್ದರೆ ಇನ್ನೊಂದು ದಿನ ಮೈಸೂರಿನಲ್ಲೇ ಇರಿ. ಜನರಲ್ ಡಬ್ಬಿಯಲ್ಲಿ ರಾತ್ರಿಯಿಡೀ ನಿಲ್ಲಿಸಿ ಅವಳನ್ನು ಕರೆದುಕೊಂಡು ಹೋಗಬೇಡ. ನಿನ್ನೆಯ ಟಿಕೆಟ್ಟಿನ ದುಡ್ಡು ಹೋಯಿತು ಅಂತಲೇ ಇಟ್ಟುಕೋ. ಖರ್ಚಿಗೆ ಸಾಲದಿದ್ದರೆ ಹೇಳು, ನನ್ನ ಹತ್ತಿರ ಮೆಣಸು ಮಾರಿದ ಹಣ ಇದೆ, ಹುಡುಗಿಯ ಕೈಯಲ್ಲಿ ಹಾಕಿಸುತ್ತೇನೆ.

ಎರಡು ದಿನ ಕಡಿಮೆಯಾಯಿತೆಂದು ಎಲ್ಲವನ್ನೂ ಉಳಿದ ದಿನಗಳಲ್ಲಿ ತುರುಕಬೇಡ. ಚಿದಂಬರ ಬಿಡಿ. ತಂಜಾವೂರಿನ ದೊಡ್ಡ ಗುಡಿ 1010ರಲ್ಲಿ ಕಟ್ಟಿ ಮುಗಿಸಿದ್ದು, ಇನ್ನೊಂದು ಸಲ ಹೋದಾಗಲೂ ಇರುತ್ತದೆ. ಮಯಿಲಾಡುತುರೈಯಲ್ಲಿ ಇಳಿದು ನೇರ ಪೂಂಪುಹಾರಿಗೆ ಹೋಗಿ, ಬಸ್ಸಿದೆ. ಒಂದು ವಿಷಯ ಅವಳಿಗೆ ಮೊದಲೇ ಹೇಳಿರು. ಅಲ್ಲಿ ಕಾವೇರಿ ದೊಡ್ಡ ಹೊಳೆಯಾಗಿ ಕಾಣುವುದಿಲ್ಲ. ಶ್ರೀರಂಗದ ಹತ್ತಿರವೇ ಕೊಳ್ಳಿಡಂ ಎಂದು ಒಂದು ಕವಲು ಒಡೆದು ನೆರೆನೀರನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಉಳಿದದ್ದನ್ನು ಗದ್ದೆಗಳು ಕುಡಿಯುತ್ತವೆ. ಎಂಟುನೂರು ಕಿಲೋಮೀಟರ್ ಹರಿದು ಬಂದವಳು ಕೊನೆಗೆ ನಮ್ಮ ತೋಡಿನಷ್ಟು ಅಗಲ ಇದ್ದರೂ ಸೊಸೆಯ ಮನಸ್ಸು ಸಣ್ಣದಾಗಬಾರದು. ಅಷ್ಟು ಗದ್ದೆಗೆ ನೀರು ಕೊಟ್ಟು ಬಂದಿದ್ದಾಳೆ ಎಂದು ಹೇಳು.

ಇದೆಲ್ಲದಕ್ಕೂ ಮೊದಲು ಮಾಡಬೇಕಾದದ್ದು ಒಂದಿದೆ. ಕಾಗದ ಓದಿದ ತಕ್ಷಣ ಮಾಡು, ತತ್ಕಾಲ್‌ಗಿಂತ ಮುಂಚೆ. ಮೊದಲು ಇಬ್ಬರೂ ಏನಾದರೂ ಬಿಸಿಯಾದದ್ದು ತಿನ್ನಿ, ನಿನ್ನೆ ಬೆಳಗ್ಗಿನ ಕಡುಬಿನ ಮೇಲೆ ನೀವು ಸರಿಯಾಗಿ ಉಂಡಿಲ್ಲ ಎಂದು ನನಗೆ ಗೊತ್ತು. ಆಮೇಲೆ ಅವಳ ಹತ್ತಿರ ಕೂತು ಮಾತಾಡು. ಸಾರಿ ಎಂದು ಒಂದು ಮಾತು ಎಸೆದು ಟವೆಲ್ ತೆಗೆದುಕೊಂಡು ಸ್ನಾನಕ್ಕೆ ಹೋಗುವ ಅಭ್ಯಾಸ ನಮ್ಮ ಮನೆಯ ಗಂಡಸರಿಗೆಲ್ಲ ಇದೆ. ಅದು ಸಾಲದು. ‘ನಿನ್ನಿಂದ ಆಯಿತು ಎಂದೆನಲ್ಲ, ಅದು ಸುಳ್ಳು’ ಎಂದು ಆ ಮಾತನ್ನೇ ಎತ್ತಿ ಹೇಳು. ನಿನ್ನ ದೊಡ್ಡಪ್ಪ ಒಳ್ಳೆಯವರು, ಒಂದು ದಿನ ನನ್ನ ಮೇಲೆ ಕೈಯೆತ್ತಿದವರಲ್ಲ. ಹಾಸನದ ಆ ಮಾತನ್ನು ಮಾತ್ರ ಅವರು ವಾಪಸು ತೆಗೆದುಕೊಳ್ಳಲಿಲ್ಲ, ನಾನೂ ನನ್ನದನ್ನು ತೆಗೆದುಕೊಳ್ಳಲಿಲ್ಲ. ಇಪ್ಪತ್ತನಾಲ್ಕು ವರ್ಷ ಅದು ನಮ್ಮ ನಡುವೆ ಇತ್ತು.

ಅವಳು ಅತ್ತರೆ ಅಳಲಿ. ಸುಮ್ಮನಿದ್ದರೆ ನೀನೂ ಸ್ವಲ್ಪ ಹೊತ್ತು ಸುಮ್ಮನಿರು, ‘ಈಗ ಸರಿಯಾಯಿತಾ?’ ಎಂದು ಪೀಡಿಸಬೇಡ. ಒದ್ದೆ ಸೀರೆಗಳನ್ನು ಲಾಡ್ಜಿನ ಫ್ಯಾನಿನ ಕೆಳಗೆ ನೀನೇ ಹರಡು.

ಮನೆಯ ಚಿಂತೆ ಬೇಡ. ದನಕ್ಕೆ ಹುಲ್ಲು ಹಾಕಿದ್ದೇನೆ, ಕೋಳಿಗೂಡು ಮುಚ್ಚಿದ್ದೇನೆ. ನಾಯಿ ನಿನ್ನೆ ಅನ್ನ ಮುಟ್ಟದೆ ನಿಮ್ಮ ಜಗಲಿಯಲ್ಲೇ ಮಲಗಿತ್ತು, ರಾತ್ರಿ ನಮ್ಮಲ್ಲಿಗೆ ಬಂದು ಒಲೆಯ ಬಳಿ ಮಲಗಿದೆ. ತೋಟದ ಇಳಿಜಾರು ಎಲ್ಲೂ ಬಿರುಕು ಬಿಟ್ಟಿಲ್ಲ, ಸಂಜೆ ಕೊಡೆ ಹಿಡಿದು ಹೋಗಿ ನೋಡಿಕೊಂಡು ಬಂದೆ. ನಾಳೆಯ ಮದ್ದುಸೊಪ್ಪಿನ ಪಾಯಸ ನಿಮ್ಮ ಪಾಲಿನದೂ ಸೇರಿಸಿ ಮಾಡಿ ಕೆಳಮನೆಯವರಿಗೆ ಕೊಡುತ್ತೇನೆ.

ಸೊಸೆಗೆ ನನ್ನ ಆಶೀರ್ವಾದ ಹೇಳು. ತಲೆನೋವು ಬಿಟ್ಟ ಮೇಲೆ ಫೋನ್ ಮಾಡಲಿ. ಆ ಬಾಟಲಿಯ ಮುಚ್ಚಳ ಸ್ವಲ್ಪ ಸಡಿಲ, ಬ್ಯಾಗಿನಲ್ಲಿ ಅಡ್ಡ ಮಲಗಿಸದೆ ನೆಟ್ಟಗೆ ಇಟ್ಟುಕೊಳ್ಳಲು ಹೇಳು.

ಇಂತಿ ನಿನ್ನ
ದೊಡ್ಡಮ್ಮ