ಜನವರಿಯಿಂದ ಮುಂಗಾರಿನವರೆಗೆ ಸ್ಪಿರಿಟ್ ಸ್ಟೌ ಬಾಡಿಗೆಗಿಲ್ಲ: ಗ್ರಾಹಕರಿಗೆ ಪತ್ರ

ಬಳ್ಳಾರಿ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಬರುವ ಜನವರಿ 15ರಿಂದ ಮುಂಗಾರು ಹಿಡಿಯುವವರೆಗೆ ನಮ್ಮ ಸಹಕಾರಿಯಲ್ಲಿ ಸ್ಪಿರಿಟ್ ಸ್ಟೌ, ಅಂದರೆ ಚಾರಣಕ್ಕೆ ಒಯ್ಯುವ, ಆಲ್ಕೊಹಾಲ್ ಇಂಧನ ಸುರಿದು ಉರಿಸುವ ಪುಟ್ಟ ಒಲೆ, ಬಾಡಿಗೆಗೆ ಸಿಗುವುದಿಲ್ಲ. ಅದರ ಬದಲು ತಿರುಪಿನ ಬಾಯಿಯ ಗ್ಯಾಸ್ ಡಬ್ಬಿಗೆ ಕೂಡುವ ಬರ್ನರ್ ಕೊಡುತ್ತೇವೆ. ಈಗಾಗಲೇ ಸ್ಪಿರಿಟ್ ಸ್ಟೌಗೆ ಹೆಸರು ಬರೆಸಿದವರಿಗೆ ಅದೇ ಬಾಡಿಗೆಯಲ್ಲಿ ಬರ್ನರ್ ಸಿಗುತ್ತದೆ. ಬೇಡವೆಂದರೆ ಮುಂಗಡ ವಾಪಸ್.

ಸ್ಪಿರಿಟ್ ಸ್ಟೌ ಕೆಟ್ಟದ್ದೆಂದು ಹೀಗೆ ಮಾಡುತ್ತಿಲ್ಲ. ಅದಕ್ಕಿಂತ ಹಗುರವಾದದ್ದು ನಮ್ಮಲ್ಲಿಲ್ಲ, ಕೆಡುವಂಥ ಭಾಗವೂ ಅದರಲ್ಲಿಲ್ಲ. ತೊಂದರೆ ಇರುವುದು ಆರಿಸುವುದರಲ್ಲಿ. ನಾಬ್ ಇಲ್ಲದ್ದರಿಂದ ಮುಚ್ಚಳ ಹಾಕಿ ಉಸಿರು ಕಟ್ಟಿಸಿಯೇ ಆರಿಸಬೇಕು. ನಮ್ಮ ಬಿಸಿಲಿನಲ್ಲಿ ಅದರ ಉರಿ ಕಣ್ಣಿಗೇ ಕಾಣುವುದಿಲ್ಲ. ಆರಿತೆಂದುಕೊಂಡು ಬಾಟಲಿಯಿಂದ ಇನ್ನಷ್ಟು ಸುರಿದರೆ ಬೆಂಕಿ ಧಾರೆ ಹಿಡಿದು ಬಾಟಲಿಗೇ ಏರುತ್ತದೆ. ಸಮವಿಲ್ಲದ ಬಂಡೆಯ ಮೇಲೆ ಉರುಳಿದರಂತೂ ಉರಿಯುವ ಸ್ಪಿರಿಟ್ಟೇ ಹರಿದು ಹೋಗುತ್ತದೆ. ಸಂಡೂರಿನ ಗುಡ್ಡಗಳಲ್ಲಿ ಸಂಕ್ರಾಂತಿ ಕಳೆದ ಮೇಲೆ ಹುಲ್ಲು ಎಷ್ಟು ಒಣಗಿರುತ್ತದೆಂದು ನಡೆದವರಿಗೆ ಗೊತ್ತು. ಜೊತೆಗೆ, ನೀರಿನ ಬಾಟಲಿಯಲ್ಲಿ ತುಂಬಿಸಿಟ್ಟ ಸ್ಪಿರಿಟ್ ನೀರಿನಂತೆಯೇ ಕಾಣುತ್ತದೆ, ಅದರಲ್ಲಿ ಮೆಥನಾಲ್ ಎಂಬ ವಿಷ ಇದ್ದರೆ ಒಂದೆರಡು ಗುಟುಕೂ ಅಪಾಯ.

ತೂಕದಲ್ಲಿ ನಷ್ಟವಾಗುತ್ತದೆಯೇ ಎಂದು ಕೇಳುವವರಿಗೆ ಲೆಕ್ಕ ಇಲ್ಲಿದೆ. ಮುಚ್ಚಳ ಹಾಕಿ ಅರ್ಧ ಲೀಟರ್ ನೀರು ಕುದಿಸಲು ಗ್ಯಾಸ್ 6–7 ಗ್ರಾಂ ಬೇಕು, ಸ್ಪಿರಿಟ್ ಆದರೆ 15–20 ಮಿ.ಲೀ. ಇಬ್ಬರಿಗೆ ಎರಡು ಹೊತ್ತು ಚಹಾ, ಒಂದು ಉಪ್ಪಿಟ್ಟು, ರಾತ್ರಿಗೊಂದಿಷ್ಟು ಸಾರು ಎಂದು ಹಿಡಿದರೆ ದಿನಕ್ಕೆ ಎರಡೂವರೆ ಲೀಟರ್ ಕುದಿಸಿದಂತಾಗುತ್ತದೆ. ಉಪ್ಪಿಟ್ಟು ಹತ್ತು ನಿಮಿಷ ಸಣ್ಣ ಉರಿಯಲ್ಲಿರಲು ಇನ್ನೊಂದು 10–12 ಗ್ರಾಂ. ಒಟ್ಟು ದಿನಕ್ಕೆ ಸುಮಾರು 45 ಗ್ರಾಂ ಗ್ಯಾಸ್. 230 ಗ್ರಾಂ ಡಬ್ಬಿ ಐದು ದಿನ ಬರುತ್ತದೆ. ಬರ್ನರ್ 80 ಗ್ರಾಂ, ತುಂಬಿದ ಡಬ್ಬಿ ಹೆಚ್ಚುಕಮ್ಮಿ 380 ಗ್ರಾಂ, ಕೂಡಿದರೆ 460. ಅದೇ ಅಡುಗೆಗೆ ಐದು ದಿನಕ್ಕೆ ಸ್ಪಿರಿಟ್ ಅರ್ಧ ಲೀಟರ್, ಅಂದರೆ 400 ಗ್ರಾಂ. ಸ್ಟೌ, ಬಾಟಲಿ ಸೇರಿ ಅದೂ ಅಷ್ಟಕ್ಕೇ ಬಂದು ನಿಲ್ಲುತ್ತದೆ. ಎರಡು ದಿನದ ನಡಿಗೆಗೆ ಮಾತ್ರ ಸ್ಪಿರಿಟ್ಟೇ ಹಗುರ, ಒಪ್ಪುತ್ತೇವೆ.

ಈ ಲೆಕ್ಕ ನಮ್ಮ ಕಡೆಯ 30 ಡಿಗ್ರಿ ನೀರಿನದು. ಹಿಮಾಲಯದಲ್ಲಿ 5 ಡಿಗ್ರಿಯ ಹಳ್ಳದ ನೀರಿಗೆ ಮೂರನೆಯ ಒಂದು ಪಾಲು ಹೆಚ್ಚು ಹಿಡಿಯಿರಿ. ಗಾಳಿಗೆ ಮರೆ ಇಲ್ಲದಿದ್ದರೆ ಎಲ್ಲಿಯೇ ಆಗಲಿ ಲೆಕ್ಕ ತಲೆಕೆಳಗು, ಎರಡರಷ್ಟು ಸುಟ್ಟರೂ ಆಶ್ಚರ್ಯವಿಲ್ಲ. ಹಾಗೆಂದು ತಗಡಿನ ಮರೆಯನ್ನು ಬರ್ನರ್ ಸುತ್ತ ಪೂರ್ತಿ ಸುತ್ತಬೇಡಿ. ಶಾಖವೆಲ್ಲ ಕೆಳಗಿನ ಡಬ್ಬಿಗೆ ಇಳಿಯುತ್ತದೆ. ಮರೆ ಗಾಳಿ ಬೀಸುವ ಕಡೆಗಷ್ಟೇ ಇರಲಿ, ಒಂದು ಮಗ್ಗುಲು ತೆರೆದಿರಲಿ. ನಡುನಡುವೆ ಡಬ್ಬಿ ಮುಟ್ಟಿ ನೋಡಿ, ಕೈ ತಾಳದಷ್ಟು ಬಿಸಿಯಾದರೆ ತಕ್ಷಣ ಆರಿಸಿ.

ಡಬ್ಬಿಯ ಬಿಸಿ 50 ಡಿಗ್ರಿ ಮೀರಬಾರದು. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದು ಸಲೀಸಾಗಿ ಮೀರುತ್ತದೆ. ಕಾದ ಬಂಡೆಯ ಮೇಲೆ ಇಟ್ಟರೂ ಅದೇ ಕಥೆ. ಚೀಲದ ನಡುವೆ ಬಟ್ಟೆಗಳ ಒಳಗಿಡಿ, ತಂಗಿದಲ್ಲಿ ನೆರಳಲ್ಲಿ ಒದ್ದೆ ಟವೆಲ್ ಸುತ್ತಿಡಿ.

ಕೂಡಿಸುವ ಮೊದಲು ನಾಬ್ ಪೂರ್ತಿ ಮುಚ್ಚಿ. ಬರ್ನರಿನ ಒಳಗಿನ ಕಪ್ಪು ರಬ್ಬರ್ ಬಳೆ ಇದೆಯೇ, ಬಿರುಕು ಬಿಟ್ಟಿದೆಯೇ ನೋಡಿ. ಸೋರಿಕೆ ಬಹುಪಾಲು ಅಲ್ಲೇ. ಡಬ್ಬಿ ನೆಟ್ಟಗಿಟ್ಟು ಕೈಯಿಂದಲೇ ತಿರುಗಿಸಿ. ಓರೆಯಾಗಿ ಹತ್ತಿದರೆ ತಿರುಪು ಹಾಳಾಗುತ್ತದೆ, ಇಕ್ಕಳದಿಂದ ಬಿಗಿದರೆ ಬಳೆ ಕತ್ತರಿಸುತ್ತದೆ. ಕೂಡುವಾಗ ಒಂದು ಕ್ಷಣ ‘ಸುಸ್’ ಎನ್ನುವುದು ಸಹಜ, ಸದ್ದು ನಿಲ್ಲದಿದ್ದರೆ ಬಿಚ್ಚಿ. ಅನುಮಾನವಿದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ, ಕಡ್ಡಿ ಗೀರಿ ನೋಡಬೇಡಿ. ಉರಿ ಹಳದಿಯಾಗಿ ಕುಗ್ಗಿದರೆ ಜೆಟ್‌ನಲ್ಲಿ, ಅಂದರೆ ಗ್ಯಾಸ್ ಹೊರಬರುವ ಸಣ್ಣ ತೂತಿನಲ್ಲಿ, ಧೂಳು ಕೂತಿರುತ್ತದೆ, ಬಿಚ್ಚಿ ಊದಿರಿ. ಸೀಮೆಎಣ್ಣೆ ಪಂಪ್ ಸ್ಟೌಗೆ ಪಿನ್ನು ಹಾಕಿ ರೂಢಿಯಾದವರು ಇಲ್ಲಿ ಪಿನ್ನು ಹಾಕಬೇಡಿ, ತೂತು ಹಿಗ್ಗಿದರೆ ಬರ್ನರ್ ಕೆಲಸಕ್ಕೆ ಬಾರದು. ಟೆಂಟಿನೊಳಗೆ ಹಚ್ಚುವುದು ಬೇಡವೇ ಬೇಡ: ಬೆಂಕಿಯ ಭಯ ಒಂದಾದರೆ, ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು.

ಮೇಜಿನ ಸ್ಟೌಗೆ ಹಾಕುವ ಉದ್ದ ಬ್ಯುಟೇನ್ ಡಬ್ಬಿ ಅಗ್ಗ, ಅದಕ್ಕೆ ಅಡಾಪ್ಟರ್ ಕೊಡಿ ಎಂದು ಹಲವರು ಕೇಳುತ್ತಾರೆ. ಕೊಡುವುದಿಲ್ಲ. ಡಬ್ಬಿ ಮಲಗಿಸಿದಾಗ ಆವಿಯ ಬದಲು ದ್ರವವೇ ಬರ್ನರಿಗೆ ಬಂದರೆ ಉರಿ ಮೊಳದೆತ್ತರ ಏಳುತ್ತದೆ. ಬರಿದಾದ ಡಬ್ಬಿಗೆ ಗ್ಯಾಸ್ ತುಂಬಿಸಿಯೂ ಕೊಡುವುದಿಲ್ಲ.

ರೈಲಿನಲ್ಲಿ ಹೋಗುವವರಿಗೆ ಬರ್ನರ್ ಮಾತ್ರ, ಡಬ್ಬಿ ಇಲ್ಲ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಡಿ ಅಪಾಯಕಾರಿ ವಸ್ತು ಒಯ್ದವರಿಗೆ ಮೂರು ವರ್ಷದವರೆಗೆ ಜೈಲಾಗಬಹುದು. ಸ್ಪಿರಿಟ್, ಸೀಮೆಎಣ್ಣೆಯೂ ಒಯ್ಯುವಂತಿಲ್ಲ. ವಿಮಾನದಲ್ಲಂತೂ ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ. ಮನಾಲಿ, ಲೇಹ್, ಡೆಹ್ರಾಡೂನ್‌ಗಳ ಚಾರಣ ಸಾಮಾನಿನ ಅಂಗಡಿಗಳಲ್ಲಿ ಇದೇ ತಿರುಪಿನ ಡಬ್ಬಿ ಸಿಗುತ್ತದೆ, ಅಲ್ಲೇ ಕೊಳ್ಳಿ. ಅಲ್ಲಿನ ಚಳಿಗೆ ಪ್ರೊಪೇನ್ ಬೆರೆತದ್ದನ್ನೇ ಕೇಳಿ. ಬರೀ ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ಬಿಡುತ್ತದೆ. ನಮ್ಮೂರ ಬಿಸಿಲಿಗೆ ಯಾವುದಾದರೂ ನಡೆದೀತು.

ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಿಗೆ ನೇರವಾಗಿ ಹೇಳುತ್ತೇವೆ, ನಮ್ಮ ಬಾಡಿಗೆ ಹೋದರೂ ಚಿಂತೆಯಿಲ್ಲ: ನಿಮಗೆ ಸ್ಟೌ ಬೇಕಿಲ್ಲ. ಹಾದಿಯುದ್ದಕ್ಕೂ ದಾಸೋಹ ಇರುತ್ತದೆ. ಹಾದಿಯಲ್ಲಿ ಸಿಗುವ ನಲ್ಲಮಲದ ಕಾಡು ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಬೆಂಕಿ ಹಚ್ಚುವ ಮಾತೇ ಇಲ್ಲ, ಗ್ಯಾಸ್ ಸ್ಟೌ ಕೂಡ ಬೆಂಕಿಯೇ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ ಕಟ್ಟಿಕೊಳ್ಳಿ. ಸ್ಟೌ, ಗ್ಯಾಸು, ಪಾತ್ರೆಯ ಭಾರ ಉಳಿದರೆ ಅಷ್ಟೇ ನೀರು ಹೊರಬಹುದು. ಸಂಡೂರು ಕಡೆ ರಾತ್ರಿ ತಂಗುವವರೂ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಬನ್ನಿ.

ಗ್ಯಾಸಿಗೆ ಸುಟ್ಟಷ್ಟೇ ದುಡ್ಡು. ಕೊಡುವಾಗಿನ ತೂಕವನ್ನು ಡಬ್ಬಿಯ ತಳದಲ್ಲಿ ಮಾರ್ಕರಿನಿಂದ ಬರೆದಿರುತ್ತೇವೆ, ಅಳಿಸಬೇಡಿ. ವಾಪಸ್ ತಂದಾಗ ನಿಮ್ಮೆದುರೇ ತೂಗಿ ವ್ಯತ್ಯಾಸದ ಗ್ರಾಂಗೆ ಬಿಲ್ ಹಾಕುತ್ತೇವೆ. ಖಾಲಿ ಡಬ್ಬಿಯನ್ನೂ ತನ್ನಿ. ಕಸದ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ.

ಬರ್ನರ್ ಒಯ್ಯುವ ದಿನ ಹತ್ತು ನಿಮಿಷ ಬಿಡುವು ಮಾಡಿಕೊಂಡು ಬನ್ನಿ. ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ನೀವೇ ಒಮ್ಮೆ ಕೂಡಿಸಿ, ಹಚ್ಚಿ, ಆರಿಸಿ, ಬಿಚ್ಚಿ ತೋರಿಸಿದ ಮೇಲೇ ಸಾಮಾನು ನಿಮ್ಮ ಕೈಗೆ.

ಇಂತಿ ನಿಮ್ಮ,
ಬಾಡಿಗೆ ಸಾಮಾನು ವಿಭಾಗ