ಸರ್ಪಸುತ್ತು ಹಣೆಯ ಮೇಲೆದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಸರ್ಪಸುತ್ತಿನ ಬಗ್ಗೆ ಬಂದ ಬರಹ ಓದಿದೆ. ಎದೆ, ಬೆನ್ನು, ಸೊಂಟದ ಮೇಲೆ ಏಳುವ ಗುಳ್ಳೆಗಳ ವಿಚಾರ ಚೆನ್ನಾಗಿಯೇ ಇತ್ತು. ಅದೇ ಗುಳ್ಳೆ ಹಣೆಯ ಮೇಲೆದ್ದರೆ ಏನು ಗತಿ ಎಂಬುದರ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ನಮ್ಮ ಮಾವನವರಿಗೆ ಎದ್ದದ್ದು ಅಲ್ಲೇ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಬಂದದ್ದು ನೋವು. ಎಡಗಡೆ ಹುಬ್ಬಿನಿಂದ ನೆತ್ತಿಯವರೆಗೆ ಚುಚ್ಚಿದ ಹಾಗೆ ಉರಿ. ಅರೆತಲೆನೋವು ಅಂದುಕೊಂಡು ಮಾತ್ರೆ ನುಂಗಿದರು. ಆಮೇಲೆ ನೀರುಗುಳ್ಳೆ ಎದ್ದವು, ಹಣೆಯ ನಡುಗೆರೆ ದಾಟದೆ ಎಡಗಡೆ ಮಾತ್ರ. ಊರಿನಲ್ಲಿ ಕೇಳಬೇಕೇ? 'ಹೆಡೆ ಬಾಲ ಕೂಡ್ಕಳಕ್ ಮುಂಚೆ ಕೆಮ್ಮಣ್ಣು ಬರೆಸ್ಬುಡವ್ವ' ಎಂದು ಮನೆಗೆ ಬಂದವರೆಲ್ಲ ಹೇಳಿದರು. ಅದೂ ಆಯಿತು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ 'ಚರ್ಮದ್ದು, ವಾಸಿಯಾಗುತ್ತೆ' ಎಂದು ಮುಲಾಮು ಕೊಟ್ಟು ಕಳಿಸಿದರು. ಮೂಗಿನ ತುದಿಯಲ್ಲೂ ಗುಳ್ಳೆ ಎದ್ದಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋದಾಗ ಕಣ್ಣಿನ ವೈದ್ಯರು ಮೊದಲು ನೋಡಿದ್ದೇ ಆ ಮೂಗಿನ ತುದಿಯನ್ನು. ಹಣೆ, ಮೇಲಿನ ರೆಪ್ಪೆ, ಮೂಗಿನ ತುದಿ, ಕಣ್ಣು ಎಲ್ಲಕ್ಕೂ ಹೋಗುವುದು ಒಂದೇ ನರದ ಕವಲುಗಳು. ಮೂಗಿನ ತುದಿಗೆ ಬಂದಿದೆ ಎಂದರೆ ಕಣ್ಣಿನೊಳಗೂ ಬಂದಿರುವ ಸಂಭವ ಹೆಚ್ಚು ಎಂದರು. ಚಿಕ್ಕಂದಿನಲ್ಲಿ ಅಮ್ಮ ಬಂದು ಹೋಗುತ್ತದಲ್ಲ, ಆ ಚಿಕನ್ ಪಾಕ್ಸ್ ವೈರಸ್ ಮೈ ಬಿಟ್ಟು ಹೋಗುವುದೇ ಇಲ್ಲವಂತೆ. ನರದ ಬುಡದಲ್ಲಿ ಅಡಗಿದ್ದು, ವಯಸ್ಸಾದಾಗಲೋ ಬೇರೆ ಕಾಯಿಲೆಯಿಂದ ಮೈ ಸೋತಾಗಲೋ ಅದೇ ನರದ ಗುಂಟ ಹೊರಗೆ ಬರುತ್ತದೆ. ಒಂದು ನರ ಮೈಯ ಒಂದು ಮಗ್ಗುಲಿಗಷ್ಟೇ ಹೋಗುವುದರಿಂದ ಹೆಡೆಯೂ ಬಾಲವೂ ಕೂಡುವ ಮಾತು ಸುಳ್ಳು.

ಹೆದರಬೇಕಾದ್ದು ಹೊತ್ತು ಮೀರುವುದಕ್ಕೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಆ ವೈರಸ್ಸನ್ನು ಹತ್ತಿಕ್ಕುವ ಅಸೈಕ್ಲೋವಿರ್ ಮಾತ್ರೆ ಶುರು ಮಾಡಿದರೆ ಕಣ್ಣಿಗೆ ಆಗುವ ಹಾನಿ ಬಹಳಷ್ಟು ತಗ್ಗುತ್ತದೆ. ಸಾಮಾನ್ಯವಾಗಿ 800 ಮಿ.ಗ್ರಾಂ. ಮಾತ್ರೆ ದಿನಕ್ಕೆ 5 ಸಲ, 7ರಿಂದ 10 ದಿನ. ಕಿಡ್ನಿ ತೊಂದರೆ ಇದ್ದವರಿಗೆ ಡೋಸು ಬೇರೆ, ಆದ್ದರಿಂದ ಮೆಡಿಕಲ್ ಸ್ಟೋರಿನಿಂದ ತಾವೇ ತಂದು ನುಂಗುವಂಥದ್ದಲ್ಲ. ತಡವಾದವರೂ ಕೈಚೆಲ್ಲಿ ಕೂರಬಾರದು; ಕಣ್ಣಿಗೆ ಬಂದಿದ್ದರೆ ಆಮೇಲೂ ಕೊಡುತ್ತಾರೆ, ಮಾವನಿಗೂ ಕೊಟ್ಟರು.

ಗುಳ್ಳೆ ಒಣಗಿ ಉದುರಿ ತಿಂಗಳುಗಳೇ ಕಳೆದಿವೆ. ಈಗಲೂ ಫ್ಯಾನಿನ ಗಾಳಿ ಹಣೆಗೆ ಸೋಕಿದರೆ ಮಾವ ಮುಖ ತಿರುಗಿಸುತ್ತಾರೆ. ತಲೆಗೆ ಟವೆಲ್ ಸುತ್ತದೆ ಗದ್ದೆಗೆ ಇಳಿದವರೇ ಅಲ್ಲ, ಈಗ ಸುತ್ತುವ ಹಾಗಿಲ್ಲ. ನರದ ನೋವಿಗೇ ಬೇರೆ ಮಾತ್ರೆ ನಡೆಯುತ್ತಿದೆ. ಹಣೆಯದು ಈ ಪಾಡಾದರೆ, ಅದೇ ಕಡೆಯ ಕಣ್ಣಿನ ಕರಿಗುಡ್ಡೆಗೆ ವೈದ್ಯರು ಹತ್ತಿಯ ಎಳೆ ಮುಟ್ಟಿಸಿದಾಗ ರೆಪ್ಪೆ ಮಿಟುಕಲೇ ಇಲ್ಲ. ಅಲ್ಲಿ ಸ್ಪರ್ಶವೇ ಹೋಗಿದೆ. ಮೊನ್ನೆ ರಾಗಿ ತೂರುವಾಗ ಹೊಟ್ಟು ಬಿದ್ದು ಕಣ್ಣು ಕೆಂಪಗಾಗಿದ್ದನ್ನು ಕಂಡವಳು ನಾನು, ಅವರಿಗೆ ಅರಿವೇ ಇಲ್ಲ. ಹೀಗೆ ನೋವೇ ಇಲ್ಲದೆ ಕಣ್ಣು ಹುಣ್ಣಾಗಬಹುದು ಎಂದು ವೈದ್ಯರು ಎಚ್ಚರಿಸಿದ್ದಾರೆ. ಸಂಜೆ ಹಾಲಿನ ಚೀಟಿ ಹಿಡಿದು, ಬಲಗಣ್ಣು ಮುಚ್ಚಿಕೊಂಡು ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಾರೆ. ಫ್ಯಾಟ್ 3.5 ಇರುವುದನ್ನು 8.5 ಎಂದು ಓದಿ, 'ನಮ್ ಹಸ ಯಾವಾಗ ಎಮ್ಮೆ ಆಯ್ತವ್ವ?' ಎಂದು ಕೇಳುತ್ತಾರೆ. ಡೇರಿಯಲ್ಲಿ ಫ್ಯಾಟ್ ನೋಡುವವಳು ನಾನೇ ಆದ್ದರಿಂದ ಉತ್ತರವನ್ನೂ ನಾನೇ ಕೊಡಬೇಕು.

ಹರಕೆ ಬೇಡ ಎಂದು ನಾನು ಹೇಳುತ್ತಿಲ್ಲ. ಹಳೇ ಹೆದ್ದಾರಿಯಲ್ಲಿ ಮೈಸೂರಿಗೆ ಹೋಗುವಾಗಲೆಲ್ಲ ನಾವೂ ಸಿದ್ದಲಿಂಗಪುರದ ಸುಬ್ರಹ್ಮಣ್ಯನಿಗೆ ಕೈಮುಗಿದೇ ಮುಂದಕ್ಕೆ ಹೋಗುವವರು. ಅದೇ ದಾರಿ ಕೆ.ಆರ್. ಆಸ್ಪತ್ರೆಗೂ ಹೋಗುತ್ತದೆ, ಮಂಡ್ಯದ ಕಡೆಯವರಿಗೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಮಿಮ್ಸ್ ಇದೆ. ರೆಪ್ಪೆಯ ಮೇಲೆ ಕೆಮ್ಮಣ್ಣು ಬಳಿಯುವುದನ್ನಾದರೂ ಬಿಡಬೇಕು.

50 ದಾಟಿದವರಿಗೆ ಇದಕ್ಕೊಂದು ಲಸಿಕೆಯೂ ಇದೆ, 2 ಡೋಸು. 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಆದರೆ ನಮ್ಮಂಥವರ ಒಂದು ಬಟವಾಡೆಯ ಹಾಲಿನ ದುಡ್ಡು ಅದಕ್ಕೆ ಸಾಲದು.

ಆರೋಗ್ಯ ಇಲಾಖೆಯವರಲ್ಲಿ ಕೇಳುವುದಿಷ್ಟು: ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಸೈಕ್ಲೋವಿರ್ ಮಾತ್ರೆ ಯಾವಾಗಲೂ ಇರಲಿ. ಹಣೆ, ರೆಪ್ಪೆ, ಮೂಗಿನ ತುದಿಯ ಗುಳ್ಳೆ ಕಂಡರೆ ಅಂದೇ ಕಣ್ಣಿನ ವೈದ್ಯರ ಬಳಿಗೆ ಕಳಿಸುವಂತೆ ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಡಲಿ. ನೀವೂ ಆರೋಗ್ಯ ಪುಟದಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಒಂದು ಚೌಕ ಹಾಕಿ ಅಚ್ಚು ಮಾಡಿ. ಕತ್ತರಿಸಿ ಡೇರಿಯ ಬೋರ್ಡಿಗೆ ಅಂಟಿಸುವ ಕೆಲಸ ನನ್ನದು.

— ಹಾಲು ಉತ್ಪಾದಕರ ಸಂಘದ ಹಾಲು ಪರೀಕ್ಷಕಿ, ಶ್ರೀರಂಗಪಟ್ಟಣ ತಾಲ್ಲೂಕು, ಮಂಡ್ಯ ಜಿಲ್ಲೆ